ಹಿಂಗಾರಿನ ನಡುವಣ ಒಣ ವಾರ

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಮುಂದಿನ ಏಳು ದಿನ ಒಣ ಹವೆ ಇರುವುದು, ರಾತ್ರಿಯ ಉಷ್ಣತೆ ವಾಡಿಕೆಗಿಂತ ತುಸು ಇಳಿಯುವುದು ಎಂಬರ್ಥದ ಹವಾವರದಿ ಹಿಂಗಾರಿನ ಕಾಲದಲ್ಲಿ ಒಮ್ಮೊಮ್ಮೆ ಬರುವುದುಂಟು. ಸ್ವಾತಿ, ವಿಶಾಖ ಮಳೆಗಳು ಸುರಿಯಬೇಕಾದ ದಿನಗಳಲ್ಲಿ ಆಕಾಶ ತಿಳಿಯಾಗಿ, ಬೆಳಗಿನ ಜಾವ ಕಂಬಳಿಯನ್ನು ಬಯಸುವಂತಾಗುವುದು ಏಕೆ? ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ರಾಗಿಯ ಕುಯ್ಲು ನಡೆಯುವುದೂ ಇದೇ ಹೊತ್ತಿನಲ್ಲಾದ್ದರಿಂದ ಈ ಪ್ರಶ್ನೆ ಪಾಠದ ಪುಸ್ತಕಕ್ಕಷ್ಟೇ ಸೇರಿದ್ದಲ್ಲ.

ಮೊದಲು ಹಿಂಗಾರಿನ ವಿಷಯ. ಅಕ್ಟೋಬರ್ ತಿಂಗಳ ಉತ್ತರಾರ್ಧದಲ್ಲಿ ಗಾಳಿಯ ದಿಕ್ಕು ಬದಲಾಗಿ ಈಶಾನ್ಯದಿಂದ ಬೀಸತೊಡಗುತ್ತದೆ. ಬಂಗಾಳ ಕೊಲ್ಲಿಯನ್ನು ದಾಟಿ ಬರುವಾಗ ಅದು ನೀರಾವಿಯನ್ನು ಹೊತ್ತು ತರುತ್ತದೆ. ತಮಿಳುನಾಡಿನ ವರ್ಷದ ಮಳೆಯಲ್ಲಿ ಹೆಚ್ಚುಕಡಮೆ ಅರ್ಧ ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈ ಮೂರು ತಿಂಗಳಲ್ಲೇ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಕರಾವಳಿಯದು. ಒಳನಾಡಿನ ನಮ್ಮನ್ನು ಮುಟ್ಟುವಷ್ಟರಲ್ಲಿ ಗಾಳಿ ತನ್ನ ಹೊರೆಯನ್ನು ಬಹುಮಟ್ಟಿಗೆ ಇಳಿಸಿರುತ್ತದೆ. ಕಲ್ವರಾಯನ್, ಚಿತ್ತೇರಿ, ಶೇರ್ವರಾಯನ್ ಬೆಟ್ಟಗಳೂ ತಮ್ಮ ಸುಂಕವನ್ನು ವಸೂಲು ಮಾಡಿಕೊಳ್ಳುತ್ತವೆ.

ಹಿಂಗಾರಿನ ಮಳೆ ಎಡೆಬಿಡದೆ ಸುರಿಯುವಂಥದಲ್ಲ. ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಮೋಡಗಳು ಗುಂಪುಗೂಡಿ ಬರುತ್ತವೆ, ನಡುವೆ ಬಿಡುವು. ವಾಯುಭಾರ ಕುಸಿತವು ನಮ್ಮತ್ತ ಬಾರದೆ ಆಂಧ್ರದ ಕಡೆಗೋ ಒಡಿಶಾದ ಕಡೆಗೋ ತಿರುಗಿತೆಂದರೆ ತೇವವನ್ನೆಲ್ಲ ತನ್ನ ಸುತ್ತಲಿಗೆ ಸೆಳೆದುಕೊಳ್ಳುತ್ತದೆ. ಆಗ ನಮಗೆ ಬರುವ ಗಾಳಿ ಸಮುದ್ರದ್ದಲ್ಲ, ದಖ್ಖನ್ ಪ್ರಸ್ಥಭೂಮಿಯ ನೆಲದ ಮೇಲಿಂದ ಬಂದದ್ದು. ಅದರಲ್ಲಿ ನೀರಾವಿ ಕಡಮೆ. ಒಣ ವಾರ ಹುಟ್ಟುವ ಬಗೆಗಳಲ್ಲಿ ಇದೊಂದು ಮುಖ್ಯವಾದದ್ದು.

ಇನ್ನು ಚಳಿ. ಹಗಲೆಲ್ಲ ಕಾದ ನೆಲವು ರಾತ್ರಿ ತನ್ನ ಶಾಖವನ್ನು ಆಕಾಶದತ್ತ ಸೂಸುತ್ತದೆ. ಮೋಡವಿದ್ದರೆ ಅದು ಹೊದಿಕೆಯಂತೆ ಶಾಖವನ್ನು ತಡೆದು ಹಿಂದಕ್ಕೆ ಕಳುಹಿಸುತ್ತದೆ. ಗಾಳಿಯಲ್ಲಿನ ನೀರಾವಿಯೂ ಕೆಲಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಎರಡೂ ಇಲ್ಲದ ರಾತ್ರಿ ಶಾಖ ತಡೆಯಿಲ್ಲದೆ ಹೊರಟುಹೋಗುತ್ತದೆ. ಸೂರ್ಯೋದಯದ ಹೊತ್ತಿಗೆ ನೆಲ ಅತಿ ತಣ್ಣಗಾಗಿ, ಅದನ್ನು ಸೋಕಿದ ಗಾಳಿಯ ಅಲ್ಪಸ್ವಲ್ಪ ಆವಿಯೂ ಹನಿಗಟ್ಟಿ ಹುಲ್ಲಿನ ಮೇಲೆ ಇಬ್ಬನಿಯಾಗುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಬೆಟ್ಟದ ಬುಡದ ಹಳ್ಳಿಗಳಲ್ಲಿ ಮಂಜು ಮೊದಲು ಕವಿಯುವುದು ಅದರಿಂದಲೇ.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಒಣ ವಾರದಲ್ಲಿ ರಾತ್ರಿ ತಂಪು, ಮಧ್ಯಾಹ್ನವಲ್ಲ. ಮೋಡ ಮುಚ್ಚಿದ ಜಡಿಮಳೆಯ ದಿನ ಹಗಲು ಏರದು, ರಾತ್ರಿ ಇಳಿಯದು. ಬಿಸಿಲಿನ ಒಣ ದಿನದಲ್ಲಿ ಎರಡರ ಅಂತರ ಹಿಗ್ಗುತ್ತದೆ. ಬೆಳಗ್ಗೆ ಉಣ್ಣೆಯ ಅಂಗಿ ತೊಟ್ಟು ಬಂದ ಹುಡುಗ ಊಟದ ಬಿಡುವಿನಲ್ಲಿ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಆಡುವುದು ಹವಾಶಾಸ್ತ್ರಕ್ಕೆ ಅನುಗುಣವಾಗಿಯೇ ಇದೆ. (ಅದನ್ನು ಆಟದ ಬಯಲಿನಲ್ಲೇ ಮರೆತುಹೋಗುವುದಕ್ಕೆ ಮಾತ್ರ ಯಾವ ಶಾಸ್ತ್ರದ ಬೆಂಬಲವೂ ಇಲ್ಲ.) ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಸೇಲಂ ಸಮುದ್ರಮಟ್ಟದಿಂದ ಸುಮಾರು 280 ಮೀಟರ್, ಏರ್ಕಾಡು ಸುಮಾರು 1,500 ಮೀಟರ್. ನಡುವಣ ವ್ಯತ್ಯಾಸವನ್ನು ಮಕ್ಕಳೇ ಲೆಕ್ಕ ಹಾಕಿ ನೋಡಬಹುದು.

ಗಾಳಿಯ ಒಣತನವನ್ನು ಅಳೆಯಲು ಎರಡು ಉಷ್ಣಮಾಪಕಗಳು ಸಾಕು. ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಎರಡನ್ನೂ ನೆರಳಿನಲ್ಲಿ ತೂಗುಹಾಕಬೇಕು. ನೀರು ಆರುವಾಗ ಶಾಖವನ್ನು ಹೀರುವುದರಿಂದ ಒದ್ದೆಯದು ಕೆಳಗಿನ ಅಂಕಿಯನ್ನು ತೋರಿಸುತ್ತದೆ. ಮಳೆಯ ದಿನ ಎರಡೂ ಬಹುತೇಕ ಸಮ; ಒಣ ದಿನದ ಮಧ್ಯಾಹ್ನ ಏಳೆಂಟು ಡಿಗ್ರಿಗಳ ಅಂತರ ಕಂಡರೂ ಅಚ್ಚರಿಯಿಲ್ಲ. ಮಣ್ಣಿನ ಹೂಜಿಯ ನೀರು ಅಂದು ಹೆಚ್ಚು ತಣ್ಣಗಿರುವುದೂ ಈ ಕಾರಣದಿಂದಲೇ.

ಹವಾವರದಿಯ ಮಾತುಗಳಿಗೆ ಗೊತ್ತಾದ ಅರ್ಥಗಳುಂಟು. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯ ರೂಢಿಯಲ್ಲಿ ಒಂದು ಪ್ರದೇಶದ ಯಾವ ಮಳೆಮಾಪನ ಕೇಂದ್ರದಲ್ಲೂ ಮಳೆ ಬೀಳದಿದ್ದರೆ ಒಣ ಹವೆ. ಕಾಲು ಭಾಗಕ್ಕೆ ಮೀರದ ಕೇಂದ್ರಗಳಲ್ಲಿ ಬಿದ್ದರೆ ಅಲ್ಲೊಂದು ಇಲ್ಲೊಂದು ಕಡೆ ಮಳೆ. 2.5 ಮಿಲಿಮೀಟರ್ ಆದರೂ ಬಿದ್ದರೆ ಮಾತ್ರ ಅದು ಮಳೆಯ ದಿನವೆಂದು ಗಣನೆಗೆ ಬರುತ್ತದೆ. ಅಲ್ಲೊಂದು ಇಲ್ಲೊಂದು ಕಡೆ ಎಂದಾಗ ನಮ್ಮ ಊರೇ ಆ ಒಂದು ಕಡೆ ಆಗಬಾರದೆಂದೇನೂ ಇಲ್ಲ. ಇದನ್ನು ತಿಳಿಯದೆ ವರದಿ ಸುಳ್ಳಾಯಿತೆಂದು ದೂರುವವರು ಹಲವರು.

ಪೋಷಕರಿಗೆ ಒಣ ವಾರ ಬಂದರೆ ಹಬ್ಬವೇ. ಕುಯ್ದ ರಾಗಿ ತೆನೆ ಒಣಗಬೇಕು. ಕಿತ್ತ ಕಡಲೆಕಾಯಿ ಬಿಸಿಲು ಕಾಣಬೇಕು. ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಸೇಲಮಿನ ಕಾರ್ಖಾನೆಗಳ ಅಂಗಳಗಳಿಗೂ ಬಿಸಿಲೇ ಬಂಡವಾಳ. ನೆನೆದ ತೆನೆ ಮೆದೆಯಲ್ಲೇ ಮೊಳೆತು ವರ್ಷದ ಅನ್ನ ಹಾಳಾಗುತ್ತದೆ. ಆದರೆ ತಡವಾಗಿ ಬಿತ್ತಿದ ಹುರುಳಿಯ ಹೊಲದವನಿಗೆ ಇದೇ ವಾರ ಚಿಂತೆ. ಎಲ್ಲರಿಗೂ ಒಪ್ಪುವ ಹವೆ ಎಂಬುದು ಎಂದೂ ಇದ್ದಿಲ್ಲ.

ಒಂದು ಎಚ್ಚರಿಕೆ ಉಂಟು. ಒಣ ವಾರ ಬಂತೆಂದು ಹಿಂಗಾರು ಮುಗಿಯಿತೆಂದು ತಿಳಿಯಲಾಗದು. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವು ದುರ್ಬಲಗೊಂಡು ಒಳನಾಡಿಗೆ ನಿಧಾನವಾಗಿ ಸರಿಯಿತು. ಡಿಸೆಂಬರ್ 2ರ ಬೆಳಗಿಗೆ ಮುಗಿದ ಒಂದೇ ದಿನದಲ್ಲಿ ಊತಂಗರೆಯಲ್ಲಿ ಸುಮಾರು 50 ಸೆಂಟಿಮೀಟರ್ ಮಳೆಯಾಯಿತು. 2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲಿದ್ದು ಈಗ ಕೃಷ್ಣಗಿರಿಗೆ ಸೇರಿದ ಊರದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ನಾಲ್ಕು ಸಾವಿರ ಲೀಟರ್ ನೀರು; ಅಂದು ಅಲ್ಲಿನ ಎಕರೆಗೆ ಬಿದ್ದದ್ದು ಇಪ್ಪತ್ತು ಲಕ್ಷ ಲೀಟರ್. ಕೆರೆ ತುಂಬಿ ಹರಿದು ರಸ್ತೆಬದಿಯ ವಾಹನಗಳು ಕೊಚ್ಚಿಹೋದವು.

ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ವಾರಗಳ ಮುನ್ನೋಟವನ್ನು ಪ್ರಕಟಿಸುತ್ತದೆ. ಅದರಲ್ಲಿ ಮೊದಲ ವಾರದ ಮಾತನ್ನು ಹೆಚ್ಚು ನಂಬಬಹುದು, ಎರಡನೆಯದನ್ನು ಅಷ್ಟಲ್ಲ. ಆದುದರಿಂದ ಒಕ್ಕಣೆಯ ದಿನವನ್ನು ಗೊತ್ತುಮಾಡುವ ಮನೆಯವರು ಗುರುವಾರದ ಮುನ್ನೋಟವನ್ನು ಓದಿ, ಮತ್ತೆ ದಿನದಿನದ ವರದಿಯನ್ನೂ ನೋಡಿಕೊಳ್ಳಬೇಕು. ಅಕ್ಷರ ಓದಲಾರದ ಅಜ್ಜ ಅಜ್ಜಿಯರಿಗೆ ಅದನ್ನು ಓದಿ ಹೇಳುವ ಕೆಲಸ ನಮ್ಮ ಏಳು, ಎಂಟನೆಯ ತರಗತಿಯ ಮಕ್ಕಳದು.