ಒಂದು ಗಿಟಾರು, ಎರಡು ವರ್ಧಕಗಳು: ಪೆಡಲು ಹಲಗೆಯ ಜೋಡಣೆಯನ್ನು ಕುರಿತು

ರಾಯಚೂರು ಜಿಲ್ಲೆಯು ದಾಸಸಾಹಿತ್ಯದ ಇತಿಹಾಸದಲ್ಲಿ ಹೆಸರಾದ ನೆಲ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲಸಿದ ಜಗನ್ನಾಥದಾಸರು ಇಲ್ಲಿಯವರು. ತಂಬೂರಿ, ತಾಳ, ಕಂಠ ಇವಿಷ್ಟೇ ಆ ಪರಂಪರೆಯ ಹಾಡಿಕೆಗೆ ಸಾಕಾಗಿದ್ದ ಸಾಮಗ್ರಿ. ಇಂದು ರಾಯಚೂರು ನಗರದ ಕಾಲೇಜುಗಳ ವಾರ್ಷಿಕೋತ್ಸವವಾಗಲಿ, ದೇವದುರ್ಗ, ಮಾನ್ವಿಗಳಂಥ ತಾಲ್ಲೂಕು ಸ್ಥಳಗಳಲ್ಲಿ ನಡೆಯುವ ರಸಮಂಜರಿಯಾಗಲಿ, ವೇದಿಕೆಯ ಮೇಲೆ ವಿದ್ಯುತ್ತಿನ ತಂತಿಗಳು ಹರಡಿಕೊಂಡಿರುತ್ತವೆ. ವಿದ್ಯುತ್ ಗಿಟಾರನ್ನು ನುಡಿಸುವ ತರುಣರಲ್ಲಿ ಅನೇಕರು ವಿದ್ಯಾರ್ಥಿಗಳು. ಒಂದೇ ಗಿಟಾರನ್ನು ಎರಡು ವರ್ಧಕಗಳಿಗೆ, ಎಂದರೆ ಎರಡು ಆಂಪ್ಲಿಫೈಯರುಗಳಿಗೆ, ಏಕಕಾಲದಲ್ಲಿ ಸೇರಿಸುವ ಆಸೆ ಅವರಲ್ಲಿ ಸಹಜ. ಇದು ಬರಿಯ ಕೈಕೆಲಸದ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಪದವಿ ತರಗತಿಯ ಭೌತಶಾಸ್ತ್ರದ ನಾಲ್ಕಾರು ಅಧ್ಯಾಯಗಳು ಇದರಲ್ಲಿ ಅಡಗಿವೆ. ಒಂದು ಹಂತದಲ್ಲಿ ವಾದಕನ ಪ್ರಾಣದ ಪ್ರಶ್ನೆಯೂ ಇದೆ. ಆದಕಾರಣ ಈ ವಿಷಯವನ್ನು ಇಲ್ಲಿ ಕ್ರಮವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ.

೧. ಸಂಜ್ಞೆಯ ಹುಟ್ಟು

ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಸಾವಿರಾರು ಸುತ್ತುಗಳ ಸಣ್ಣ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯನ್ನು ಹಾಯುವ ಕಾಂತಪ್ರವಾಹ ವ್ಯತ್ಯಾಸಗೊಂಡು ಅದರಲ್ಲಿ ವೋಲ್ಟೇಜು ಪ್ರೇರಿತವಾಗುತ್ತದೆ. ೧೮೩೧ರಲ್ಲಿ ಫ್ಯಾರಡೆ ಕಂಡ ತತ್ತ್ವವೇ ಇದು. ಅಮೆರಿಕದ ಜಾರ್ಜ್ ಬೋಷಾಂಪ್ ಇದನ್ನು ಗಿಟಾರಿಗೆ ಅಳವಡಿಸಿ ೧೯೩೭ರಲ್ಲಿ ಪೇಟೆಂಟು ಪಡೆದನು. ಹೀಗೆ ಹುಟ್ಟುವ ಸಂಜ್ಞೆ ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಮೆ. ಸುರುಳಿಯ ರೋಧವಾದರೋ ಹಲವು ಸಾವಿರ ಓಮ್. ಎಂದರೆ ಈ ಮೂಲವು ದುರ್ಬಲವಾದುದು. ಹೆಚ್ಚು ಭಾರವನ್ನು ಹೊರಲಾರದು.

ಗಿಟಾರಿಗೂ ವರ್ಧಕಕ್ಕೂ ನಡುವೆ, ಕಾಲಿನಿಂದ ಒತ್ತಿ ಚಾಲೂ ಮಾಡುವ ಪುಟ್ಟ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುತ್ತಾರೆ. ಇವೇ ಪೆಡಲುಗಳು, ಇವನ್ನು ಕೂರಿಸಿದ ಹಲಗೆಯೇ ಪೆಡಲು ಹಲಗೆ. ಶ್ರುತಿ ನೋಡುವ ಟ್ಯೂನರ್ ಮೊದಲು; ಅನಂತರ ನಾದವನ್ನು ಒರಟುಗೊಳಿಸುವ ಓವರ್‌ಡ್ರೈವ್, ಡಿಸ್ಟಾರ್ಷನ್‌ಗಳು; ಆಮೇಲೆ ಕೋರಸ್; ಕೊನೆಗೆ ಪ್ರತಿಧ್ವನಿಯನ್ನು ಕೊಡುವ ಡಿಲೇ ಮತ್ತು ರಿವರ್ಬ್. ಇದು ರೂಢಿಯ ಕ್ರಮ. ಪ್ರತಿಧ್ವನಿಯನ್ನು ಮೊದಲಿಟ್ಟು ಡಿಸ್ಟಾರ್ಷನ್ನನ್ನು ಅನಂತರ ಇಟ್ಟರೆ ಮೂಲಸ್ವರವೂ ಅದರ ಪ್ರತಿಧ್ವನಿಗಳೂ ಒಟ್ಟಿಗೆ ಕಲಸಿ ಒರಟಾಗುತ್ತವೆಯಾಗಿ ಈ ಕ್ರಮ ಬಳಕೆಗೆ ಬಂದಿದೆ.

೨. ಕವಲು ಎಲ್ಲಿ, ಹೇಗೆ?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರ ಪಾಡನ್ನು ಮಾನ್ವಿ, ರಾಯಚೂರುಗಳ ವಾಚಕರಿಗೆ ಹೇಳಬೇಕಾಗಿಲ್ಲ. ನೀರಿನ ಮೂಲ ಅಲ್ಪವಾಗಿದ್ದು ಕವಲುಗಳು ಹೆಚ್ಚಿದರೆ ಕೊನೆಗೆ ಮುಟ್ಟುವುದು ಕಡಮೆ. ಗಿಟಾರಿನ ಸಂಜ್ಞೆಯನ್ನು ಬರಿಯ ಕವಲುತಂತಿಯಿಂದ ಎರಡಾಗಿ ಒಡೆದರೆ ಆಗುವುದೂ ಇಂಥದೇ. ಆದರೆ ಇಲ್ಲಿ ಮುಖ್ಯವಾಗಿ ನಷ್ಟವಾಗುವುದು ತಾರಸ್ವರಗಳ ಹೊಳಪು.

ಇದನ್ನು ಲೆಕ್ಕದಿಂದಲೇ ತೋರಿಸಬಹುದು. ಗಿಟಾರು ವರ್ಧಕದ ಒಳರೋಧ ಸಾಮಾನ್ಯವಾಗಿ ೧ ಮೆಗಾಓಮ್. ಎರಡು ವರ್ಧಕಗಳು ಸಮಾಂತರವಾಗಿ ಸೇರಿದರೆ ಅರ್ಧ ಮೆಗಾಓಮ್. ಕೇಬಲಿನ ಒಳತಂತಿಗೂ ಅದನ್ನು ಸುತ್ತುವರಿದ ಹೊರಜಾಲರಿಗೂ ನಡುವೆ ಮೀಟರಿಗೆ ಸುಮಾರು ೧೦೦ ಪಿಕೋಫ್ಯಾರಡ್ ಧಾರಕತೆ ಇರುತ್ತದೆ. ಆರು ಮೀಟರಿನ ಒಂದು ಕೇಬಲಿಗೆ ಇದು ೬೦೦. ಎರಡು ಕೇಬಲಿಗೆ ೧,೨೦೦. ಪಿಕಪ್ಪಿನ ಪ್ರೇರಕತೆಯನ್ನು ೩ ಹೆನ್ರಿ ಎಂದು ಹಿಡಿದು, ಸುರುಳಿಯ ಸ್ವಂತ ಧಾರಕತೆಯನ್ನು ಬಿಟ್ಟರೆ, ಅನುರಣನದ ಆವೃತ್ತಿ ಒಂದು ಕೇಬಲಿನಲ್ಲಿ ಸುಮಾರು ೩,೭೫೦ ಹರ್ಟ್ಸ್, ಎರಡರಲ್ಲಿ ಸುಮಾರು ೨,೬೫೦ ಹರ್ಟ್ಸ್ ಆಗುತ್ತದೆ. ಕಿವಿಗೆ ನಾದ ಮಂಕಾಯಿತೆಂದು ತೋರುವುದು ಇದರಿಂದಲೇ.

ಇದರ ಪರಿಹಾರ ಬಫರ್ ಎಂಬ ಮಂಡಲ. ಇದು ವೋಲ್ಟೇಜನ್ನು ಹೆಚ್ಚಿಸುವುದಿಲ್ಲ. ಪಿಕಪ್ಪಿನ ಕಡೆಗೆ ಹೆಚ್ಚಿನ ರೋಧವನ್ನೂ ವರ್ಧಕದ ಕಡೆಗೆ ಸುಮಾರು ಸಾವಿರ ಓಮ್ ಅಥವಾ ಅದಕ್ಕಿಂತ ಕಡಮೆ ರೋಧವನ್ನೂ ಒಡ್ಡಿ, ದುರ್ಬಲ ಮೂಲವನ್ನು ಸಬಲ ಮೂಲವನ್ನಾಗಿಸುತ್ತದೆ. ಆದ್ದರಿಂದ ಕವಲೊಡೆಯುವ ಪೆಟ್ಟಿಗೆಯಲ್ಲಿ ಬಫರ್ ಇರತಕ್ಕದ್ದು. ಕವಲಿನ ಸ್ಥಾನ ಡಿಸ್ಟಾರ್ಷನ್‌ಗಳ ಅನಂತರ, ಪ್ರತಿಧ್ವನಿಯ ಪೆಡಲುಗಳ ಮೊದಲು. ಡಿಲೇ ಅಥವಾ ರಿವರ್ಬ್ ಪೆಡಲಿಗೆ ಎರಡು ನಿರ್ಗಮಗಳಿದ್ದಲ್ಲಿ ಅದೇ ಕವಲಿನ ಕೆಲಸವನ್ನೂ ಮಾಡುತ್ತದೆ.

೩. ಎರಡರಿಂದ ಏನು ಲಾಭ?

ಎರಡು ವರ್ಧಕಗಳಿಂದ ಗಟ್ಟಿತನ ಇಮ್ಮಡಿಯಾಗುತ್ತದೆಂಬ ಭಾವನೆ ಸರಿಯಲ್ಲ. ಶಕ್ತಿ ಇಮ್ಮಡಿಯಾದರೆ ಏರಿಕೆ ೩ ಡೆಸಿಬೆಲ್. ಎರಡರ ತರಂಗಗಳು ಒಂದೇ ಹಂತದಲ್ಲಿ ಕೂಡುವ ಸ್ಥಳದಲ್ಲಿ ಹೆಚ್ಚೆಂದರೆ ೬ ಡೆಸಿಬೆಲ್. ಕಿವಿಗೆ ಇಮ್ಮಡಿಯೆನಿಸಲು ಸುಮಾರು ೧೦ ಡೆಸಿಬೆಲ್ ಬೇಕು. ಲಾಭವಿರುವುದು ಬೇರೆಡೆ: ಎರಡು ಭಿನ್ನ ನಾದಗಳು ತಂತಿಯಲ್ಲಿ ಕಲಸದೆ ಗಾಳಿಯಲ್ಲಿ ಕೂಡುತ್ತವೆ. ಜಪಾನಿನ ರೋಲಂಡ್ ಸಂಸ್ಥೆಯು ೧೯೭೫ರಲ್ಲಿ ಹೊರತಂದ ಜೆಸಿ-೧೨೦ ಎಂಬ ವರ್ಧಕದಲ್ಲಿ ಎರಡು ಸ್ಪೀಕರುಗಳಿದ್ದು, ಕೋರಸ್ ಹಾಕಿದಾಗ ಒಂದರಲ್ಲಿ ನೇರ ನಾದವೂ ಇನ್ನೊಂದರಲ್ಲಿ ಶ್ರುತಿಯು ತುಸು ಓಲಾಡುವ ನಾದವೂ ಹೊರಡುತ್ತವೆ. ಅದೇ ಮಂಡಲವನ್ನು ಪೆಡಲಾಗಿಸಿದ ಬಾಸ್ ಸಿಇ-೧ ಬಂದದ್ದು ೧೯೭೬ರಲ್ಲಿ. ಒಂದು ವರ್ಧಕದಲ್ಲಿ ಶುದ್ಧ ನಾದವನ್ನೂ ಇನ್ನೊಂದರಲ್ಲಿ ಪ್ರತಿಧ್ವನಿಯನ್ನೂ ಇಟ್ಟುಕೊಂಡರೆ ಪ್ರತಿಧ್ವನಿ ಎಷ್ಟೇ ದಟ್ಟವಾದರೂ ಮೂಲಸ್ವರ ಮಸುಕಾಗುವುದಿಲ್ಲ.

೪. ಗುಂಯ್‌ಗುಡುವ ನಾದ

ಎರಡನೆಯ ವರ್ಧಕವನ್ನು ಸೇರಿಸಿದೊಡನೆ ನುಡಿಸದೆಯೇ ಒಂದು ಮಂದ್ರ ಗುಂಜಾರವ ಕೇಳಿಸುವುದುಂಟು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವೂ ಸೇರಿದಂತೆ ಭಾರತದ ವಿದ್ಯುಜ್ಜಾಲವೆಲ್ಲ ೫೦ ಹರ್ಟ್ಸಿನದು. ಈ ಗುಂಜಾರವವೂ ೫೦ ಮತ್ತು ಅದರ ಗುಣಕಗಳಾದ ೧೦೦, ೧೫೦ ಹರ್ಟ್ಸ್‌ಗಳದೇ. ಗಿಟಾರಿನ ಅತ್ಯಂತ ದಪ್ಪ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದರೆ ೯೮ ಹರ್ಟ್ಸಿನ ಸ್ವರ ಹೊರಡುತ್ತದೆ. ಗುಂಜಾರವವು ಆ ಸ್ವರಕ್ಕೆ ಅಥವಾ ಅದರ ಕೆಳಸ್ಥಾಯಿಗೆ ಹತ್ತಿರವಾಗಿ ಕೇಳಿಸಿದರೆ ಅದು ವಿದ್ಯುಜ್ಜಾಲದಿಂದ ಬಂದುದೆಂದು ಊಹಿಸಬಹುದು.

ಕಾರಣ ಹೀಗೆ: ಪ್ರತಿ ವರ್ಧಕದ ಲೋಹದ ಚೌಕಟ್ಟು ಮೂರುಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನಿನ ಮೂಲಕ ಭೂಮಿಗೆ ಸೇರಿದೆ. ಪೆಡಲು ಹಲಗೆಯಿಂದ ಹೊರಟ ಎರಡು ಕೇಬಲುಗಳ ಹೊರಜಾಲರಿಗಳು ಆ ಚೌಕಟ್ಟುಗಳನ್ನು ಇನ್ನೊಂದು ದಾರಿಯಿಂದಲೂ ಕೂಡಿಸುತ್ತವೆ. ಹೀಗೆ ಒಂದು ಮುಚ್ಚಿದ ಉಂಗುರ ಏರ್ಪಡುತ್ತದೆ. ಸುತ್ತಣ ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರ ಅದರಲ್ಲಿ ಪ್ರವಾಹವನ್ನು ಪ್ರೇರಿಸುತ್ತದೆ. ಎರಡು ಪ್ಲಗ್ಗುಗಳ ಭೂತಂತಿಗಳ ನಡುವಣ ಅಲ್ಪ ವಿಭವಾಂತರವೂ ಇದಕ್ಕೆ ನೆರವಾಗುತ್ತದೆ. ಈ ಪ್ರವಾಹವು ಜಾಲರಿಯಲ್ಲಿ ಹರಿದು ಸಂಜ್ಞೆಗೆ ಬೆರೆಯುತ್ತದೆ. ಒಂದು ವರ್ಧಕದ ಸಂಜ್ಞಾಕೇಬಲನ್ನು ಕಳಚಿದಾಗ ಇನ್ನೊಂದರ ಗುಂಜಾರವ ನಿಂತರೆ ಕಾರಣ ಈ ಉಂಗುರವೇ.

೫. ಮಾಡಬಾರದ್ದು ಮತ್ತು ಮಾಡಬೇಕಾದದ್ದು

ಉಂಗುರವನ್ನು ಎಲ್ಲಿ ಕಡಿದರೂ ಗುಂಜಾರವ ನಿಲ್ಲುತ್ತದೆ. ಅತಿ ಸುಲಭವಾಗಿ ಕೈಗೆಟಕುವುದು ಪ್ಲಗ್ಗಿನ ದಪ್ಪ ಪಿನ್ನು. ಅದನ್ನು ಕಿತ್ತುಹಾಕಿದರೆ ನಾದ ಶುದ್ಧವಾಗುತ್ತದೆ. ಆದ್ದರಿಂದಲೇ ಈ ಉಪಾಯ ಒಬ್ಬರ ಬಾಯಿಂದ ಒಬ್ಬರಿಗೆ ಹಬ್ಬುತ್ತದೆ. ಇದು ಎಂದಿಗೂ ಸಲ್ಲದು. ವರ್ಧಕದೊಳಗೆ ೨೩೦ ವೋಲ್ಟಿನ ತಂತಿ ಸಡಿಲಿ ಚೌಕಟ್ಟಿಗೆ ತಗಲಿದಾಗ ಪ್ರವಾಹವನ್ನು ಭೂಮಿಗೆ ಹರಿಸಿ ಫ್ಯೂಸು ಸುಡುವಂತೆ ಮಾಡುವುದು ಆ ಪಿನ್ನೇ. ಅದಿಲ್ಲದಿದ್ದರೆ ಆ ವರ್ಧಕಕ್ಕೆ ಉಳಿಯುವ ಭೂಸಂಪರ್ಕ ಸಂಜ್ಞಾಕೇಬಲಿನ ತೆಳು ಜಾಲರಿಯೊಂದೇ; ಇನ್ನೊಂದು ವರ್ಧಕದ ಕೇಬಲು ಕಳಚಿದ ಕ್ಷಣದಲ್ಲಿ ಅದೂ ಇಲ್ಲ. ಆಗ ಗಿಟಾರಿನ ತಂತಿಗಳಿಗೇ ಆ ವೋಲ್ಟೇಜು ಬರುತ್ತದೆ. ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಗಲಿದರೆ ಮಂಡಲ ಪೂರ್ಣವಾಗುವುದು ವಾದಕನ ದೇಹದ ಮೂಲಕ. ೧೯೭೨ರಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದ ವೇದಿಕೆಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರು ವಾದಕನು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ಮರಣ ಹೊಂದಿದನು.

ಯೋಗ್ಯ ಉಪಾಯವೆಂದರೆ ಉಂಗುರವನ್ನು ಸಂಜ್ಞೆಯ ದಾರಿಯಲ್ಲಿ ಕಡಿಯುವುದು. ಎರಡು ಕವಲುಗಳಲ್ಲಿ ಒಂದರಲ್ಲಿ, ಎರಡೂ ಸುರುಳಿಗಳಿಗೆ ಸಮಸಂಖ್ಯೆಯ ಸುತ್ತುಗಳಿರುವ ಪುಟ್ಟ ಟ್ರಾನ್ಸ್‌ಫಾರ್ಮರನ್ನು ಇಡಬೇಕು. ಅದರಲ್ಲಿ ಸಂಜ್ಞೆಯು ಕಾಂತಪ್ರವಾಹದ ಮೂಲಕ ಆಚೆಗೆ ದಾಟುತ್ತದೆ. ತಂತಿಗೆ ತಂತಿ ತಗಲುವುದಿಲ್ಲ. ಆ ಕವಲಿನ ಜಾಲರಿ ಅಲ್ಲಿಗೆ ತುಂಡಾಗುತ್ತದೆ. ಎರಡು ವರ್ಧಕಗಳ ದಪ್ಪ ಪಿನ್ನುಗಳೂ ತಮ್ಮ ಸ್ಥಾನದಲ್ಲೇ ಇರುತ್ತವೆ. ಇಂಥ ಟ್ರಾನ್ಸ್‌ಫಾರ್ಮರನ್ನು ಒಳಗೊಂಡ ಕವಲು ಪೆಟ್ಟಿಗೆಗಳು ಸಿದ್ಧವಾಗಿಯೇ ದೊರೆಯುತ್ತವೆ.

ಇದರೊಡನೆ ಇನ್ನು ಮೂರು ಮಾತು. ಎರಡು ವರ್ಧಕಗಳನ್ನೂ ಪೆಡಲು ಹಲಗೆಯನ್ನೂ ಒಂದೇ ಬೋರ್ಡಿನಿಂದ ನಡೆಸಬೇಕು. ಒಂದಕ್ಕೆ ಜನರೇಟರಿನಿಂದ, ಇನ್ನೊಂದಕ್ಕೆ ಊರಿನ ಲೈನಿನಿಂದ ವಿದ್ಯುತ್ತನ್ನು ಪಡೆಯಬಾರದು. ಆ ಬೋರ್ಡಿಗೆ ೩೦ ಮಿಲಿಆಂಪಿಯರಿನ ಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಆರ್‌ಸಿಸಿಬಿ ಸ್ವಿಚ್ಚು ಇರಬೇಕು. ಮೂರನೆಯದು ನಮ್ಮ ಪ್ರಾಂತಕ್ಕೆ ವಿಶೇಷವಾದುದು: ಬೇಸಗೆಯಲ್ಲಿ ಎರೆಭೂಮಿ ಒಣಗಿ ಬಿರಿದಾಗ ಮಣ್ಣಿನ ರೋಧ ಏರಿ ಅರ್ತಿಂಗ್ ಗುಂಡಿಯ ಕೆಲಸ ಕುಗ್ಗುತ್ತದೆ. ಗುಂಡಿಗೆ ಆಗಾಗ ನೀರು ಹಾಕುವ ವಾಡಿಕೆ ಅರ್ಥವಿಲ್ಲದ್ದಲ್ಲ.

೬. ಧ್ರುವತೆ ಮತ್ತು ದೂರ

ಗುಂಜಾರವ ನಿಂತ ಮೇಲೆಯೂ ನಾದವು ತೆಳುವಾಗಿ ಕೇಳಿಸಬಹುದು. ಕೆಲವು ವರ್ಧಕಗಳ ಮಂಡಲ ಸಂಜ್ಞೆಯನ್ನು ತಲೆಕೆಳಗು ಮಾಡುತ್ತದೆ. ಆಗ ಒಂದರ ಸ್ಪೀಕರು ಮುಂದಕ್ಕೆ ನೂಕುವಾಗ ಇನ್ನೊಂದರದು ಹಿಂದಕ್ಕೆ ಸೆಳೆಯುತ್ತದೆ. ಮಂದ್ರಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿರಿಸಿ, ಗಟ್ಟಿತನವನ್ನು ಸಮ ಮಾಡಿ, ದಪ್ಪ ತಂತಿಯನ್ನು ಬಿಟ್ಟು ಮೀಟಿ ನೋಡಬೇಕು. ಟ್ರಾನ್ಸ್‌ಫಾರ್ಮರಿನ ಒಂದು ಬದಿಯ ಎರಡು ತುದಿಗಳನ್ನು ಅದಲುಬದಲು ಮಾಡಿ, ಇಲ್ಲವೆ ಪೆಟ್ಟಿಗೆಯ ಧ್ರುವತೆಯ ಸ್ವಿಚ್ಚನ್ನು ತಿರುಗಿಸಿ ಮತ್ತೆ ಮೀಟಬೇಕು. ಯಾವುದು ತುಂಬಿದ ನಾದವೋ ಅದೇ ಸರಿ.

ದೂರದ ಲೆಕ್ಕವೂ ಇದೆ. ರಾಯಚೂರಿನ ಬೇಸಗೆಯಲ್ಲಿ ಅಪರೂಪವಲ್ಲದ ೪೦ ಡಿಗ್ರಿ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೫೫ ಮೀಟರು. ದಪ್ಪ ತಂತಿಯ ಸ್ವರ ೮೨.೪ ಹರ್ಟ್ಸ್, ಅದರ ತರಂಗದೂರ ಸುಮಾರು ೪.೩ ಮೀಟರು. ಕೇಳುಗನಿಗೆ ಒಂದು ವರ್ಧಕವು ಇನ್ನೊಂದಕ್ಕಿಂತ ಇದರ ಅರ್ಧದಷ್ಟು, ಎಂದರೆ ೨.೧೫ ಮೀಟರು, ಹೆಚ್ಚು ದೂರದಲ್ಲಿದ್ದರೆ ಆ ಸ್ವರ ಅವನಿರುವಲ್ಲಿ ಕುಗ್ಗುತ್ತದೆ. ಹತ್ತು ಮೀಟರಿನ ವ್ಯತ್ಯಾಸಕ್ಕೆ ೨೮ ಮಿಲಿಸೆಕೆಂಡು ತಡವಾಗುತ್ತದೆ. ಸುಮಾರು ೩೦ ಮಿಲಿಸೆಕೆಂಡಿನೊಳಗೆ ಬಂದ ಎರಡು ಶಬ್ದಗಳನ್ನು ಕಿವಿ ಒಂದೆಂದೇ ಗ್ರಹಿಸುವುದನ್ನು ಜರ್ಮನಿಯ ಹೆಲ್ಮುಟ್ ಹಾಸ್ ೧೯೪೯ರಲ್ಲಿ ನಿರೂಪಿಸಿದನು. ಆದ್ದರಿಂದ ದೊಡ್ಡ ಮೈದಾನದಲ್ಲಿಯೂ ವರ್ಧಕಗಳನ್ನು ವೇದಿಕೆಯ ಎರಡು ಅಂಚಿಗೆ ಒಯ್ಯದೆ ಎರಡು ಮೂರು ಮೀಟರಿನ ಅಂತರದಲ್ಲಿ ಇಡುವುದು ಮೇಲು.

೭. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಸಿದ್ಧವಾಗುವ ಕ್ರಮ ಇಷ್ಟು: ಮೊದಲು ಭೂಸಂಪರ್ಕದ ಪರೀಕ್ಷೆ; ಅನಂತರ ಒಂದೇ ವರ್ಧಕದೊಡನೆ ಪೆಡಲುಗಳ ಪರೀಕ್ಷೆ; ಆಮೇಲೆ ಬಫರುಳ್ಳ ಕವಲು; ಒಂದು ಕವಲಿನಲ್ಲಿ ಟ್ರಾನ್ಸ್‌ಫಾರ್ಮರು; ಕೊನೆಯಲ್ಲಿ ಧ್ರುವತೆ ಮತ್ತು ದೂರ. ಈ ಕ್ರಮವನ್ನು ಹಿಡಿದರೆ ದೋಷವೆಲ್ಲಿದೆಯೆಂಬುದು ಆಯಾ ಹೆಜ್ಜೆಯಲ್ಲಿಯೇ ಗೊತ್ತಾಗುತ್ತದೆ.

ಇದರಲ್ಲಿ ಪ್ರಯೋಗಶಾಲೆಗೆ ನಿಲುಕದ್ದು ಯಾವುದೂ ಇಲ್ಲ. ಉಂಗುರದ ಗುಂಜಾರವವನ್ನು ಆಸಿಲೋಸ್ಕೋಪಿನ ಮೇಲೆ ತೋರಿಸಿ, ಟ್ರಾನ್ಸ್‌ಫಾರ್ಮರನ್ನು ನಡುವೆ ಇಟ್ಟೊಡನೆ ಅದು ಅಡಗುವುದನ್ನು ವಿದ್ಯಾರ್ಥಿಗಳ ಕಣ್ಣಿಗೆ ಕಾಣಿಸಬಹುದು. ಕಾಲೇಜಿನ ವಾರ್ಷಿಕೋತ್ಸವದ ಸಂಜೆ ದೀಪಗಳು ಹತ್ತುವ ಮೊದಲು, ವೇದಿಕೆಯ ಬೋರ್ಡಿನ ಫೇಸಿಗೂ ಅರ್ತಿಗೂ ನಡುವೆ ೨೩೦ ವೋಲ್ಟು ಇದೆಯೇ, ನ್ಯೂಟ್ರಲಿಗೂ ಅರ್ತಿಗೂ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚಿಲ್ಲವೇ ಎಂಬುದನ್ನು ಬಲ್ಲವರಿಂದ ಅಳೆಯಿಸಿ ನೋಡಬೇಕೆಂದು ಭೌತಶಾಸ್ತ್ರದ ಅಧ್ಯಾಪಕರಲ್ಲಿ ನಮ್ಮ ವಿನಂತಿ. ಅದು ಐದು ನಿಮಿಷದ ಕೆಲಸ.