ಸ್ಟ್ರಿಂಗ್ ಥಿಯರಿಯನ್ನು ನಂಬಬೇಕಿಲ್ಲ, ಲೆಕ್ಕ ಹಾಕಿ ನೋಡಬಹುದು

ಸ್ಟ್ರಿಂಗ್ ಥಿಯರಿ ಬಗ್ಗೆ ಯೂಟ್ಯೂಬ್ ನೋಡಿದರೆ ಎರಡೇ ಪಕ್ಷ ಕಾಣುತ್ತವೆ. ‘ವಿಶ್ವದ ಅಂತಿಮ ಸತ್ಯ ಇದೇ’ ಅನ್ನೋರು ಒಂದು ಕಡೆ. ‘ದಶಕಗಳಿಂದ ಜನರ ತೆರಿಗೆ ದುಡ್ಡು ತಿಂದ ಬುರುಡೆ ಇದು’ ಅನ್ನೋರು ಇನ್ನೊಂದು ಕಡೆ. ಬೆಂಗಳೂರಿನ ಐಸಿಟಿಎಸ್‌ನಂಥ ಸಾರ್ವಜನಿಕ ಸಂಸ್ಥೆಯಲ್ಲೂ ಈ ವಿಷಯದಲ್ಲಿ ಸಂಶೋಧನೆ ನಡೆಯುತ್ತದೆ. ಹಾಗಾಗಿ ಎರಡನೆಯವರ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ದುಡ್ಡು ನಮ್ಮದು, ಕೇಳಲೇಬೇಕು.

ಆದರೆ ಏನು ಕೇಳಬೇಕು? ‘ಇದನ್ನ ನಂಬ್ತೀಯಾ, ಇಲ್ವಾ?’ ಅನ್ನೋದು ಭಕ್ತಿಯ ಪ್ರಶ್ನೆ. ‘ಇದು ತಪ್ಪಾಗಿದ್ದರೆ ನನಗೆ ಹೇಗೆ ಗೊತ್ತಾಗುತ್ತೆ?’ ಅನ್ನೋದು ವಿಜ್ಞಾನದ ಪ್ರಶ್ನೆ. ಈ ಎರಡನೇ ಪ್ರಶ್ನೆಗೆ ನೇರವಾಗಿ ಎದೆಯೊಡ್ಡುವ ಒಂದು ವಾದ ಸ್ಟ್ರಿಂಗ್ ಥಿಯರಿಯ ಓಣಿಯಲ್ಲೇ ಇದೆ. 2014ರಲ್ಲಿ ಅಲ್ಬಾ ಗ್ರಾಸ್ಸಿ, ಯಾಸುಯುಕಿ ಹತ್ಸುದಾ ಮತ್ತು ಮಾರ್ಕೋಸ್ ಮರಿನ್ಯೋ ಇದನ್ನು ಮುಂದಿಟ್ಟರು. ಸ್ಪೆಕ್ಟ್ರಲ್ ಥಿಯರಿ ಮತ್ತು ಟೊಪೊಲಾಜಿಕಲ್ ಸ್ಟ್ರಿಂಗ್ ಥಿಯರಿ ಎಂಬ ಎರಡು ಬೇರೆ ಬೇರೆ ಲೋಕಗಳು ಒಂದೇ ಉತ್ತರ ಕೊಡುತ್ತವೆ ಅನ್ನೋದು ಇದರ ಸಾರ.

ಮೃದಂಗದಿಂದ ಶುರು ಮಾಡೋಣ

ಬರೀ ಚರ್ಮ ಬಿಗಿದ ಡೋಲನ್ನು ಬಡಿದರೆ ಹಲವು ಕಂಪನಗಳು ಒಟ್ಟಿಗೆ ಏಳುತ್ತವೆ, ಆದರೆ ಅವುಗಳ ನಡುವೆ ಹೊಂದಾಣಿಕೆ ಇರುವುದಿಲ್ಲ. ಮೃದಂಗದ ಬಲಮುಖದ ನಡುವೆ ಕಪ್ಪು ಕರಣೆ ಮೆತ್ತಿರುತ್ತಾರಲ್ಲ, ಅದರಿಂದಾಗಿ ಉಪಸ್ವರಗಳು ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು ಎಂಬಂತೆ ಸಾಲಾಗಿ ನಿಲ್ಲುತ್ತವೆ. ಸಿ.ವಿ. ರಾಮನ್ 1920ರಲ್ಲೇ ಇದನ್ನು ಗುರುತಿಸಿದ್ದರು. ಮುಂದೆ, ಬೆಂಗಳೂರಿನಲ್ಲಿದ್ದಾಗ, ವಿಸ್ತಾರವಾಗಿ ಬರೆದರು.

ಹೀಗೆ ಒಂದು ವಸ್ತುವಿನ ಒಳಗಿಂದ ಹೊರಡುವ ಸಂಖ್ಯೆಗಳ ಪಟ್ಟಿಯೇ ಸ್ಪೆಕ್ಟ್ರಮ್. ಆ ಪಟ್ಟಿಯನ್ನು ಅಧ್ಯಯನ ಮಾಡುವ ಗಣಿತವೇ ಸ್ಪೆಕ್ಟ್ರಲ್ ಥಿಯರಿ. ಪರಮಾಣುವಿನ ಶಕ್ತಿಮಟ್ಟಗಳು ಕೂಡ ಇಂಥದ್ದೇ ಪಟ್ಟಿ. ಅಲ್ಲಿ ಚರ್ಮದ ಬದಲು ‘ಆಪರೇಟರ್’ ಎಂಬ ಗಣಿತದ ಯಂತ್ರ ಇರುತ್ತದೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಇದೆ, ಮೊತ್ತ ಇಲ್ಲ

ಟೊಪೊಲಾಜಿಕಲ್ ಸ್ಟ್ರಿಂಗ್ ಥಿಯರಿ ಅಂದರೆ ಸ್ಟ್ರಿಂಗ್ ಥಿಯರಿಯ ಸರಳ ಮಾದರಿ. ಕಲಾಬಿ-ಯಾವ್ ಎಂಬ ವಿಶೇಷ ಆಕಾರಗಳೊಳಗೆ ಎಷ್ಟು ವಕ್ರರೇಖೆಗಳು ಹಿಡಿಸುತ್ತವೆ ಎಂದು ಎಣಿಸುವುದು ಅದರ ಮುಖ್ಯ ಕೆಲಸ. ಈ ಎಣಿಕೆಗೆ ಒಂದು ಒಳ್ಳೆಯ ಇತಿಹಾಸವಿದೆ. 1991ರಲ್ಲಿ ಭೌತವಿಜ್ಞಾನಿಗಳು ಇಂಥ ಒಂದು ಆಕಾರದಲ್ಲಿ ಒಂದು ಬಗೆಯ ವಕ್ರರೇಖೆಗಳು 31,72,06,375 ಇವೆ ಎಂದರು. ಇಬ್ಬರು ಗಣಿತಜ್ಞರ ಕಂಪ್ಯೂಟರ್ ಲೆಕ್ಕದಲ್ಲಿ ಬೇರೆ ಸಂಖ್ಯೆ ಬಂದಿತ್ತು. ಹುಡುಕಿದಾಗ ತಪ್ಪು ಅವರ ಪ್ರೋಗ್ರಾಮ್‌ನಲ್ಲೇ ಸಿಕ್ಕಿತು. ಸರಿಪಡಿಸಿದ ಮೇಲೆ ಎರಡೂ ಒಂದೇ ಆದವು.

ಆದರೂ ಒಂದು ದೊಡ್ಡ ತೂತು ಹಾಗೇ ಉಳಿದಿತ್ತು. ಸ್ಟ್ರಿಂಗ್ ಲೆಕ್ಕ ಯಾವಾಗಲೂ ಸರಣಿಯಾಗಿ ಬರುತ್ತದೆ: ಮೊದಲ ಪದ, ಅದಕ್ಕೊಂದು ಸಣ್ಣ ತಿದ್ದುಪಡಿ, ಆಮೇಲೆ ಇನ್ನೊಂದು. ಶುರುವಿನಲ್ಲಿ ತಿದ್ದುಪಡಿಗಳು ಚಿಕ್ಕದಾಗುತ್ತ ಹೋಗುತ್ತವೆ. ಮುಂದೆ ಹೋದಂತೆ ಅವು ಫ್ಯಾಕ್ಟೋರಿಯಲ್ ವೇಗದಲ್ಲಿ ಉಬ್ಬುತ್ತವೆ, ಪೂರ್ತಿ ಕೂಡಿಸಲು ಹೋದರೆ ಮೊತ್ತವೇ ಇಲ್ಲ. ಹಾಗಾದರೆ ಈ ಸರಣಿ ಯಾವ ಸಂಖ್ಯೆಯ ಅಂದಾಜು? ಸರಣಿಯನ್ನಷ್ಟೇ ಹಿಡಿದುಕೊಂಡರೆ ಇದಕ್ಕೆ ಉತ್ತರವಿಲ್ಲ. ಟೀಕಾಕಾರರ ತಕರಾರು ಇಲ್ಲಿ ನಿಜಕ್ಕೂ ನ್ಯಾಯವಾದದ್ದು.

ಎರಡು ದಾರಿ, ಒಂದೇ ಸಂಖ್ಯೆ

2014ರ ವಾದ ಬರುವುದು ಇಲ್ಲಿ. ಈ ಆಕಾರಗಳಲ್ಲಿ ಒಂದು ವರ್ಗವಿದೆ. ಅದರಲ್ಲಿನ ಪ್ರತಿ ಆಕಾರಕ್ಕೂ ಒಂದು ‘ಕನ್ನಡಿ ರೇಖೆ’ ಇರುತ್ತದೆ, ಅದಕ್ಕೊಂದು ಸಮೀಕರಣ. ಆ ಸಮೀಕರಣದ ಎರಡು ಚರಗಳನ್ನು ಕ್ವಾಂಟಮ್ ಮೆಕ್ಯಾನಿಕ್ಸ್‌ನ ಸ್ಥಾನ ಮತ್ತು ಮೊಮೆಂಟಮ್ ಎಂದು ಓದಿಕೊಂಡರೆ ಒಂದು ಆಪರೇಟರ್ ಸಿಗುತ್ತದೆ. ಆಪರೇಟರ್ ಇದ್ದ ಮೇಲೆ ಸ್ಪೆಕ್ಟ್ರಮ್ ಇದ್ದೇ ಇರುತ್ತದೆ. ಸ್ಟ್ರಿಂಗ್ ಸರಣಿ ಹುಡುಕುತ್ತಿದ್ದ ನಿಜವಾದ ಸಂಖ್ಯೆ ಆ ಸ್ಪೆಕ್ಟ್ರಮ್‌ನಲ್ಲೇ ಅಡಗಿದೆ ಅಂತಾರೆ ಈ ಮೂವರು.

‘ಲೋಕಲ್ ಪಿ-2’ ಎಂಬ ಸರಳ ಆಕಾರವನ್ನು ತೆಗೆದುಕೊಳ್ಳಿ. ಪ್ಲಾಂಕ್ ಸ್ಥಿರಾಂಕದ ಜಾಗದಲ್ಲಿ ಪೈನ ಎರಡರಷ್ಟನ್ನು ಇಡಿ. ಆಗ ಆಪರೇಟರಿನ ವಿಲೋಮದಿಂದ ಹೊರಡುವ ಪಟ್ಟಿ ಹೀಗಿರುತ್ತದೆ: 0.0771, 0.0199, 0.0074... ಹೀಗೇ ಕಿರಿದಾಗುತ್ತ ಹೋಗುತ್ತದೆ. ಮೊದಲ ಮೂರನ್ನು ಕೂಡಿದರೆ 0.104. ಎಲ್ಲವನ್ನೂ ಕೂಡಿದರೆ ಕರಾರುವಾಕ್ಕಾಗಿ 1/9, ಅಂದರೆ 0.1111...

ಈಗ ಇನ್ನೊಂದು ದಾರಿ. ಅದೇ ಆಕಾರದ ವಕ್ರರೇಖೆಗಳ ಎಣಿಕೆ 3, -6, 27, -192 ಹೀಗೆ ಸಾಗುತ್ತದೆ (ಈ ಎಣಿಕೆಯಲ್ಲಿ ಚಿಹ್ನೆಯೂ ಸೇರಿರುತ್ತದೆ). ಈ ಸಂಖ್ಯೆಗಳನ್ನು ಮೂವರ ಸೂತ್ರಕ್ಕೆ ಹಾಕಿದರೆ ಏನು ಬರುತ್ತದೆ? ಅದೇ 1/9. ಒಂದು ಕಡೆ ಶಕ್ತಿಮಟ್ಟಗಳು, ಇನ್ನೊಂದು ಕಡೆ ರೇಖೆಗಳ ಎಣಿಕೆ. ಒಂದಕ್ಕೆ ಇನ್ನೊಂದರ ಪರಿಚಯವೇ ಇಲ್ಲ. ಈ ಕಡೆ 1/9, ಆ ಕಡೆ 1/8 ಬಂದಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಇನ್ನೊಂದು ಅಂಶವಿದೆ. ಎರಡು ಲೋಕಗಳ ಸಂಬಂಧ ತಲೆಕೆಳಗಾಗಿದೆ. ಕ್ವಾಂಟಮ್ ಕಡೆ ಪ್ಲಾಂಕ್ ಸಂಖ್ಯೆ ದೊಡ್ಡದಾದಷ್ಟೂ ಸ್ಟ್ರಿಂಗ್ ಕಡೆ ಸ್ಟ್ರಿಂಗ್‌ಗಳ ಪರಸ್ಪರ ಪ್ರಭಾವ ಚಿಕ್ಕದಾಗುತ್ತದೆ. ಹಾಗಾಗಿ ಸ್ಟ್ರಿಂಗ್ ಸರಣಿ ಕೈಕೊಡುವ ಜಾಗದಲ್ಲೂ ಆಪರೇಟರ್ ಗಟ್ಟಿಯಾಗಿ ನಿಂತಿರುತ್ತದೆ.

ಏನು ಸಾಬೀತಾಗಿದೆ, ಏನಿಲ್ಲ

ಇಲ್ಲಿ ಗಡಿ ಎಳೆಯಲೇಬೇಕು. ಇಂಥ ಹಲವು ಆಪರೇಟರುಗಳ ಪಟ್ಟಿಯನ್ನು ಕೂಡಿದರೆ ನಿಜಕ್ಕೂ ಮೊತ್ತ ಸಿಗುತ್ತದೆ ಅನ್ನೋದಕ್ಕೆ ಗಣಿತದ ಪುರಾವೆ ಇದೆ. ಬೇರೆ ಬೇರೆ ಆಕಾರಗಳಲ್ಲಿ ಹಲವಾರು ದಶಮಾಂಶ ಸ್ಥಾನಗಳವರೆಗೆ ತಾಳೆ ನೋಡಿದ್ದಾರೆ. ಆದರೆ ಪೂರ್ಣ ರೂಪದಲ್ಲಿ ಇದು ಇನ್ನೂ ಊಹೆಯೇ. ಮತ್ತೆ, ಟೊಪೊಲಾಜಿಕಲ್ ಸ್ಟ್ರಿಂಗ್ ನಮ್ಮ ವಿಶ್ವವನ್ನು ವರ್ಣಿಸುವ ಸಿದ್ಧಾಂತವಲ್ಲ. ‘ಸ್ಟ್ರಿಂಗ್ ಥಿಯರಿ ಸಾಬೀತಾಯ್ತು’ ಎಂದು ಯಾರಾದರೂ ಇದನ್ನು ತೋರಿಸಿದರೆ ಅದು ಸುಳ್ಳು ಪ್ರಚಾರ.

ಹಾಗಂತ ಇದು ಬುರುಡೆಯೂ ಅಲ್ಲ. ಪೈಥಾನ್ ಮತ್ತು ಒಂದಿಷ್ಟು ಕ್ವಾಂಟಮ್ ಮೆಕ್ಯಾನಿಕ್ಸ್ ಗೊತ್ತಿರುವ ವಿದ್ಯಾರ್ಥಿ ಆ ಪಟ್ಟಿಯನ್ನು ತನ್ನ ಲ್ಯಾಪ್‌ಟಾಪಿನಲ್ಲೇ ತೆಗೆಯಬಹುದು. ಯಾವ ಪ್ರೊಫೆಸರ್ ಮಾತನ್ನೂ ನಂಬಬೇಕಿಲ್ಲ.

ಅಧಿಕಾರದಲ್ಲಿರುವವರು ಅಂಕಿಅಂಶ ಎಸೆದಾಗ ನಾವು ಕೇಳುವುದೂ ಇದನ್ನೇ ಅಲ್ವಾ: ಬೇರೆ ದಾರಿಯಲ್ಲಿ ಲೆಕ್ಕ ಹಾಕಿದರೂ ಇದೇ ಬರುತ್ತಾ? ಸಾರ್ವಜನಿಕ ದುಡ್ಡಿನ ವಿಜ್ಞಾನಕ್ಕೂ ಅದೇ ಮಾನದಂಡ ಇರಲಿ. ‘ಇದರಿಂದ ನಾಳೆ ಏನು ಲಾಭ?’ ಅನ್ನೋದಕ್ಕಿಂತ ಮೊದಲು ‘ನಿಮ್ಮ ಲೆಕ್ಕ ತಪ್ಪಾದರೆ ನನಗೆ ತಿಳಿಯುವ ದಾರಿ ಕೊಟ್ಟಿದ್ದೀರಾ?’ ಎಂದು ಕೇಳೋಣ. ಈ ಮೂವರು ಕೊಟ್ಟಿದ್ದಾರೆ.