ಕಂಠವನ್ನು ಕಟ್ಟಿದ ಗುರು: ಸವಾಯಿ ಗಂಧರ್ವರು

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸಾಗುವ ರೈಲುಮಾರ್ಗದಲ್ಲಿ, ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳವೆಂಬ ಸಣ್ಣ ಊರು ಹಿಂದೂಸ್ತಾನೀ ಸಂಗೀತದ ಚರಿತ್ರೆಯಲ್ಲಿ ಮಹಾನಗರಗಳಿಗೆ ಸಮನಾದ ಸ್ಥಾನವನ್ನು ಪಡೆದುದು ಒಬ್ಬ ಮನುಷ್ಯನ ದೆಸೆಯಿಂದ. 1886ರ ಜನವರಿ 19ರಂದು ಹುಟ್ಟಿದ ರಾಮಚಂದ್ರ ಗಣೇಶ ಸೌಂಶಿಯವರೇ ಆ ಮಹನೀಯರು. ಬಳಗದವರಿಗೆ ರಾಮಭಾವು, ರಸಿಕಲೋಕಕ್ಕೆ ಸವಾಯಿ ಗಂಧರ್ವರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಗುರುವೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅಂತಹ ಶಿಷ್ಯರನ್ನು ರೂಪಿಸುವ ಶಕ್ತಿ ಅವರಿಗೆ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸಿದವರು ವಿರಳ. ಕಂಠಶ್ರೀಯು ಅವರಿಗೆ ಅನಾಯಾಸವಾಗಿ ಒಲಿದು ನಿಲ್ಲದೆ ಹೋದುದೇ ಅದರ ಮೂಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಬಾಲ್ಯದಲ್ಲಿ ಅವರ ದನಿ ಮಧುರವಾಗಿದ್ದಿತು. ಕಿರಾಣಾ ಪರಂಪರೆಯ ಮಹಾಪುರುಷರಾದ ಖಾನಸಾಹೇಬ ಅಬ್ದುಲ್ ಕರೀಂಖಾನರು ಎಂಟು ವರ್ಷಗಳ ಕಾಲ ತಮ್ಮಲ್ಲಿಯೇ ಇದ್ದು ಕಲಿಯಬೇಕೆಂಬ ಕರಾರಿನ ಮೇಲೆ ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ತಾರುಣ್ಯ ಕಾಲಿಡುತ್ತಲೇ ಆ ದನಿ ಒಡೆದು, ಬಿರುಸಾಗಿ, ಬಾಗದಂತಾಯಿತು. ಗಾಯಕನಾಗಬೇಕೆಂಬವನಿಗೆ ಇದಕ್ಕಿಂತ ದೊಡ್ಡ ವಿಪತ್ತು ಯಾವುದಿದ್ದೀತು? ಮಂದ್ರಸಪ್ತಕದಲ್ಲಿ ಒಂದೊಂದೇ ಸ್ವರವನ್ನು ತಂಬೂರಿಯ ಶ್ರುತಿಗೆ ಕೂಡಿಸಿ ಉಸಿರು ಮುಗಿಯುವವರೆಗೆ ನಿಲ್ಲಿಸುವುದು, ಆಕಾರದಲ್ಲಿ ಪಲ್ಟಾಗಳನ್ನು ಮೊದಲು ವಿಲಂಬಗತಿಯಲ್ಲಿ, ಆಮೇಲೆ ಹಂತಹಂತವಾಗಿ ವೇಗವನ್ನೇರಿಸಿ ತಿದ್ದುವುದು, ಒಂದು ಸ್ವರದಿಂದ ಮತ್ತೊಂದಕ್ಕೆ ಮೀಂಡಿನಲ್ಲಿ ಜಾರುವಾಗ ನಡುವಣ ಶ್ರುತಿಗಳು ಕದಡದಂತೆ ಕಾಯುವುದು: ಕಿರಾಣಾ ಗಾಯಕಿಯ ಈ ಕಠಿಣವಾದ ಮೆಹನತ್ತಿನಿಂದಲೇ ಅವರು ಒಡೆದ ಕಂಠವನ್ನು ಮರಳಿ ಕಟ್ಟಿಕೊಳ್ಳಬೇಕಾಯಿತು. ನಿಸರ್ಗವೇ ಎಲ್ಲವನ್ನೂ ಕೊಟ್ಟ ಗಾಯಕನಿಗೆ ತಾನು ಹೇಗೆ ಹಾಡುತ್ತೇನೆಂಬುದು ಹಲವು ವೇಳೆ ತಿಳಿದಿರುವುದಿಲ್ಲ. ರಾಮಭಾವುಗಳಿಗಾದರೋ ತಮ್ಮ ದನಿಯ ಒಂದೊಂದು ಎಳೆಯೂ ಯಾವ ಶ್ರಮದಿಂದ ಬಂದುದೆಂಬುದು ಗೊತ್ತಿದ್ದಿತು.

ಮುಂದೆ ಅವರು ಗುರುವಿನ ಇಚ್ಛೆಗೆ ವಿರುದ್ಧವಾಗಿ ಮರಾಠೀ ರಂಗಭೂಮಿಯನ್ನು ಸೇರಿ, ಸ್ತ್ರೀಪಾತ್ರಗಳಲ್ಲಿ ಹಾಡಿ ಕೀರ್ತಿವಂತರಾದರು. ಬಿರುದು ಬಂದುದೂ ಅಲ್ಲಿಯೇ. ನಾಟಕದ ವೃತ್ತಿಯಿಂದ ಅವರ ಶಾಸ್ತ್ರೀಯ ಸಂಗೀತಕ್ಕೆ ಹಾನಿಯಾಯಿತೆನ್ನುವವರ ಮಾತನ್ನು ನಾನು ಒಪ್ಪಲಾರೆ. ಸಾವಿರಾರು ಪ್ರೇಕ್ಷಕರೆದುರು ಅಲ್ಪಾವಧಿಯಲ್ಲಿ ರಾಗದ ಸ್ವರೂಪವನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸುವ ಕಲೆ ಆ ವೇದಿಕೆಯ ಮೇಲೆಯೇ ಹದಗೊಳ್ಳತಕ್ಕದ್ದು.

ರಂಗಭೂಮಿಯನ್ನು ಬಿಟ್ಟು ಊರಿಗೆ ಮರಳಿದ ಮೇಲೆ ಅವರ ಅಧ್ಯಾಪನ ಪೂರ್ಣ ರೂಪವನ್ನು ತಾಳಿತು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಸಂಗೀತದ ಹಂಬಲದಿಂದ ಮನೆ ಬಿಟ್ಟು ಉತ್ತರ ಭಾರತವನ್ನೆಲ್ಲ ಅಲೆದು ಬಂದಿದ್ದ ಬಾಲಕ ಭೀಮಸೇನ 1936ರಲ್ಲಿ ಅವರ ಆಶ್ರಯಕ್ಕೆ ಬಂದು, ನೀರು ಹೊತ್ತು, ಮನೆಗೆಲಸ ಮಾಡಿ, ಗುರುಗೃಹವಾಸದ ಕಷ್ಟವನ್ನೆಲ್ಲ ಸಹಿಸಿ ಕಲಿತನು. ಗುರುಗಳು ರಾಗಗಳ ಸಂಖ್ಯೆಯನ್ನು ಬೆಳೆಸುವ ಗೋಜಿಗೆ ಹೋದವರಲ್ಲ. ಒಂದು ಸ್ವರಪುಂಜವನ್ನು ಕೊಟ್ಟರೆ ಅದು ಗಂಟಲಿನಲ್ಲಿ ನೆಲೆಯೂರುವವರೆಗೆ, ದಿನಗಳುರುಳಿದರೂ, ಮುಂದಿನದನ್ನು ಕೊಡುತ್ತಿರಲಿಲ್ಲ. ಜಿಪುಣನು ಹಣವನ್ನು ವೆಚ್ಚಮಾಡುವಂತೆ ಸ್ವರಗಳನ್ನು ವೆಚ್ಚಮಾಡಬೇಕೆಂದು ಗುರುಗಳು ಕಲಿಸಿದುದನ್ನು ಗಂಗೂಬಾಯಿಯವರು ಕೊನೆಯವರೆಗೂ ನೆನೆಯುತ್ತಿದ್ದರು. ಗಾಂಧಾರವೊಂದನ್ನೇ ಸುತ್ತಿ ಸುಳಿದು, ಪಂಚಮಕ್ಕೆ ಹೋಗುವ ಮುನ್ನ ಶ್ರೋತೃವಿನಲ್ಲಿ ಅದಕ್ಕಾಗಿ ತವಕವನ್ನು ಹುಟ್ಟಿಸುವ ಗಂಗೂಬಾಯಿಯವರ ಬಢತ್ತನ್ನು, ಎಂದರೆ ರಾಗವಿಸ್ತಾರವನ್ನು, ಕೇಳಿದವರಿಗೆ ಆ ಮಾತಿನ ಅರ್ಥ ತಾನಾಗಿಯೇ ಹೊಳೆಯುತ್ತದೆ.

ಇಷ್ಟು ಕಟ್ಟುನಿಟ್ಟಾದ ತಾಲೀಮನ್ನು ಪಡೆದ ಶಿಷ್ಯರು ಒಬ್ಬರಂತೆ ಒಬ್ಬರು ಹಾಡಲಿಲ್ಲವೆಂಬುದೇ ಈ ಗುರುವಿನ ಹಿರಿಮೆ. ಭೀಮಸೇನರ ದನಿ ಗಂಭೀರವಾಗಿ, ತಾನುಗಳಲ್ಲಿ ಪ್ರಚಂಡವಾಗಿ ಮೊರೆಯುವುದು. ಮುಂಬಯಿಯ ಪಾರ್ಸಿ ಗೃಹಸ್ಥರಾದ ಫಿರೋಜ್ ದಸ್ತೂರರದು ಅಬ್ದುಲ್ ಕರೀಂಖಾನರನ್ನೇ ನೆನಪಿಗೆ ತರುವ ಆರ್ದ್ರ ಮಾಧುರ್ಯ. ಗದುಗಿನ ಪಂಚಾಕ್ಷರಿ ಗವಾಯಿಗಳಲ್ಲಿ ಮೊದಲೇ ಪಳಗಿದ್ದ ಬಸವರಾಜ ರಾಜಗುರುಗಳದು ಮತ್ತೊಂದೇ ಬಗೆ. ಗಂಗೂಬಾಯಿಯವರ ಗಂಟಲಂತೂ ಶಸ್ತ್ರಚಿಕಿತ್ಸೆಯ ತರುವಾಯ ಸ್ತ್ರೀಸಹಜವಾದ ತೆಳುವನ್ನು ಕಳೆದುಕೊಂಡು ಗಂಡುದನಿಯಂತೆ ಘನವಾಯಿತು. ಎಳವೆಯಲ್ಲಿ ಗುರುವಿಗೆ ಒದಗಿದುದೇ ಶಿಷ್ಯೆಗೂ ಒದಗಿತು. ಆಕೆ ಆ ದನಿಯನ್ನು ಮರೆಮಾಚದೆ, ಅದರ ಭಾರವನ್ನೇ ಗಾಂಭೀರ್ಯವನ್ನಾಗಿ ಪರಿವರ್ತಿಸಿಕೊಂಡರು. ಪ್ರತಿಯೊಂದು ಕಂಠಕ್ಕೂ ಅದರದೇ ಆದ ಸತ್ತ್ವವುಂಟೆಂದು ಅರಿತ ಗುರುವಿಲ್ಲದಿದ್ದರೆ ಇದು ಸಾಧ್ಯವಾಗುತ್ತಿದ್ದಿತೇ?

ನಲವತ್ತರ ದಶಕದಲ್ಲಿ ಪಾರ್ಶ್ವವಾಯು ಸವಾಯಿ ಗಂಧರ್ವರ ಹಾಡನ್ನು ಕಸಿದುಕೊಂಡಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ದೇಹಾಂತವಾಯಿತು. ಮರುವರ್ಷವೇ ಅಲ್ಲಿ ಆರಂಭವಾದ ಪುಣ್ಯತಿಥಿಯ ಸಂಗೀತೋತ್ಸವವನ್ನು ಭೀಮಸೇನರು ದಶಕಗಳ ಕಾಲ ನಿಂತು ನಡೆಸಿದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಗುರುಗಳ ಸ್ಮರಣೆಯಲ್ಲಿ ಗಾಯನ ನಡೆಯುತ್ತದೆ. ಗಂಗೂಬಾಯಿಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ದಸ್ತೂರರು ಮುಂಬಯಿ ವಿಶ್ವವಿದ್ಯಾಲಯದಲ್ಲಿಯೂ ಪಾಠ ಹೇಳಿದುದರಿಂದ ಆ ತಾಲೀಮು ತರಗತಿಗಳನ್ನೂ ಪ್ರವೇಶಿಸಿತು. ಆದರೆ ಪರೀಕ್ಷೆಗೆ ರಾಗಗಳ ಪಟ್ಟಿಯನ್ನು ಮುಗಿಸಲೇಬೇಕಾದ ಪಾಠಕ್ರಮವೂ, ಒಂದು ಪಲ್ಟಾದಲ್ಲಿ ದಿನಗಳನ್ನು ಕಳೆಯುವ ಈ ಕ್ರಮವೂ ಒಂದಕ್ಕೊಂದು ಹೊಂದುವುದು ಸುಲಭವಲ್ಲ. ನಮ್ಮ ಸಂಗೀತ ವಿದ್ಯಾಲಯಗಳು ಇದನ್ನು ಮನಸ್ಸಿಟ್ಟು ಚಿಂತಿಸಬೇಕು.

ಹೊಸದಾಗಿ ಕೇಳಹೊರಟವರು ಮೊದಲು ಸವಾಯಿ ಗಂಧರ್ವರ ಹಳೆಯ ಗ್ರಾಮಫೋನ್ ಮುದ್ರಿಕೆಗಳನ್ನು ಕೇಳಲಿ. ತಟ್ಟೆಯೊಂದರ ಅತ್ಯಲ್ಪ ಕಾಲದಲ್ಲಿ ಅವರು ರಾಗವನ್ನು ನಿಲ್ಲಿಸುವ ಬಗೆಯನ್ನು ಗಮನಿಸಲಿ. ಆಮೇಲೆ ಮಿಯಾಂಕಿ ತೋಡಿಯನ್ನು ಗಂಗೂಬಾಯಿಯವರಿಂದಲೂ ಭೀಮಸೇನರಿಂದಲೂ ಒಂದರ ಹಿಂದೊಂದರಂತೆ ಕೇಳಿದರೆ, ಎರಡು ದನಿಗಳ ಭೇದವೂ ಎರಡರ ಹಿಂದಿರುವ ಒಂದೇ ಶಿಸ್ತೂ ಸ್ಪಷ್ಟವಾಗುತ್ತವೆ.